ಧ್ವನಿಗೂ ಬೇಕು ಸರಿಜೋಡಿ



ಒಂಟಿ ಎತ್ತಿಗೆ ಸರಿಜೋಡಿ ಹುಡುಕುವ ವಿದ್ಯೆಯನ್ನು ಮಂಡ್ಯ ಸೀಮೆಯ ಒಕ್ಕಲುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಹೇಮಗಿರಿಯ ದನಗಳ ಜಾತ್ರೆಯಾಗಲಿ, ಮುಡುಕುತೊರೆಯ ಜಾತ್ರೆಯಾಗಲಿ, ಹಳ್ಳಿಕಾರ್ ಎತ್ತನ್ನು ಕೊಳ್ಳಲು ಹೋದವರು ಬೆಲೆ ಕೇಳಿದ ಮಾತ್ರಕ್ಕೆ ಹಗ್ಗ ಹಿಡಿಯುವುದಿಲ್ಲ. ಎತ್ತರ ನೋಡುತ್ತಾರೆ, ಹಲ್ಲು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನಡಿಗೆ ನೋಡುತ್ತಾರೆ. ಬಿಡಿಬಿಡಿಯಾಗಿ ಎರಡೂ ಉತ್ತಮ ರಾಸುಗಳೇ ಆಗಿರಬಹುದು. ನಡಿಗೆ ಕೂಡದಿದ್ದರೆ ನೊಗ ಓರೆಯಾಗುತ್ತದೆ, ಉಳುಮೆ ಕೆಡುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯ ಅರ್ಥವೂ ಇದೇ. ಇಷ್ಟು ವಿವೇಕವುಳ್ಳ ನಮ್ಮ ಜನ ಮನೆಗೆ ‘ಹೋಂ ಥಿಯೇಟರ್’ ತರುವಾಗ ಮಾತ್ರ ಆ ವಿವೇಕವನ್ನು ಅಂಗಡಿಯ ಹೊಸ್ತಿಲಲ್ಲಿಯೇ ಬಿಟ್ಟು ಒಳಗೆ ಹೋಗುತ್ತಾರೆ. ಈ ಸಂಚಿಕೆಯಲ್ಲಿ ನಾವು ಪ್ರಸ್ತಾಪಿಸಬಯಸುವುದು ಆ ವಿಷಯವನ್ನು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿರುವ ಭಾರತೀನಗರವು ಹಿರಿಯರ ಬಾಯಲ್ಲಿ ಇಂದಿಗೂ ಕೆ.ಎಂ. ದೊಡ್ಡಿಯೇ. ಸಕ್ಕರೆ ಕಾರ್ಖಾನೆಯೂ ವಿದ್ಯಾಸಂಸ್ಥೆಗಳೂ ಇರುವ ಊರು; ಸುತ್ತಲೂ ಕಬ್ಬಿನ ಗದ್ದೆ. ಕಬ್ಬಿನ ಬಿಲ್ಲು ಕೈಸೇರಿದಾಗ ಸಾಲ, ಗೊಬ್ಬರ, ಮಕ್ಕಳ ಶುಲ್ಕ, ಮದುವೆಯ ಮುಯ್ಯಿ ಎಲ್ಲವೂ ಕಳೆದು ಏನಾದರೂ ಉಳಿದರೆ ಮನೆಯ ಹುಡುಗರ ಬಯಕೆ ಮುಂದೆ ಬರುತ್ತದೆ. ಗೋಡೆಯಗಲದ ಟಿ.ವಿ. ಈಗಾಗಲೇ ಬಂದಿರುತ್ತದೆ, ಅದಕ್ಕೆ ತಕ್ಕ ಧ್ವನಿ ಬೇಕು ಎಂಬುದು ಮುಂದಿನ ಬೇಡಿಕೆ. ಇದರಲ್ಲಿ ತಪ್ಪೇನಿಲ್ಲ. ದುಡಿದ ಕುಟುಂಬವು ರಾತ್ರಿ ಒಂದೆಡೆ ಕುಳಿತು ಚಿತ್ರವೊಂದನ್ನು ನೋಡಿ ನಲಿಯುವುದು ಸಂತೋಷದ ಸಂಗತಿಯೇ. ಆದರೆ ಕಂತುಕಂತಾಗಿ ಕೊಂಡ ಧ್ವನಿಪೆಟ್ಟಿಗೆಗಳು ಒಂದಕ್ಕೊಂದು ಹೊಂದದೆ ಹೋದಾಗ, “ಸದ್ದೇನೋ ಬತ್ತದೆ ಕಣಪ್ಪ, ಮಾತೇ ತಿಳಿಯಕ್ಕಿಲ್ಲ” ಎಂದು ಮೂಲೆಯ ಕುರ್ಚಿಯಲ್ಲಿ ಕುಳಿತ ಅಜ್ಜಿ ಎದ್ದು ಒಳಗೆ ಹೋಗುವುದುಂಟು. ಎಲ್ಲರೂ ಕೂಡಿ ನೋಡಲೆಂದು ತಂದ ವಸ್ತು ಮನೆಯ ಹಿರಿಯರನ್ನೇ ಹೊರಗಿಟ್ಟರೆ ಹಣವೂ ಹೋಯಿತು, ಉದ್ದೇಶವೂ ಹೋಯಿತು.

ಮೊದಲು ಈ ಸಲಕರಣೆಯ ಕೆಲಸವನ್ನು ತಿಳಿಯೋಣ. ‘5.1’ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಐದು ಸ್ಪೀಕರುಗಳು ಮತ್ತು ಗುಡುಗಿನಂತಹ ತಗ್ಗಿನ ಸದ್ದಿಗೆಂದೇ ಒಂದು ಸಬ್‌ವೂಫರ್ ಎಂದರ್ಥ. ಮುಂದೆ ಎಡಕ್ಕೊಂದು, ಬಲಕ್ಕೊಂದು, ಟಿ.ವಿ.ಯ ಕೆಳಗೆ ನಡುವೆ ಒಂದು. ಕುಳಿತವರ ಮಗ್ಗುಲಿಗೆ, ತುಸು ಹಿಂದಕ್ಕೆ, ಎರಡು. ಪಾತ್ರಗಳ ಮಾತು ಬಹುಪಾಲು ಬರುವುದು ನಡುವಿನ ಸ್ಪೀಕರಿನಿಂದ. ಮಗ್ಗುಲಿನ ಎರಡನ್ನು ಸರೌಂಡ್ ಸ್ಪೀಕರ್ ಎನ್ನುತ್ತಾರೆ. ಮಳೆ, ಗಾಳಿ, ಜನಜಂಗುಳಿ, ಹಿಂದಿನಿಂದ ಬಂದ ಹೆಜ್ಜೆ ಇವು ಅವುಗಳ ಪಾಲಿನವು. ಸ್ಥಾನಗಳನ್ನು ಗಡಿಯಾರದ ಮುಖದಂತೆ ನೆನಪಿಡಬಹುದು. ನೀವು ಗಡಿಯಾರದ ನಡುವೆ ಕುಳಿತು 12ರ ಕಡೆಗೆ ಮುಖ ಮಾಡಿದ್ದೀರಿ ಎಂದುಕೊಳ್ಳಿ. ನಡುವಿನ ಸ್ಪೀಕರ್ 12ರಲ್ಲಿ, ಮುಂದಿನ ಜೋಡಿ 11 ಮತ್ತು 1ರಲ್ಲಿ, ಸರೌಂಡ್ ಜೋಡಿ 3 ಮತ್ತು 4ರ ನಡುವೆ ಒಂದು, 8 ಮತ್ತು 9ರ ನಡುವೆ ಇನ್ನೊಂದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಧ್ವನಿತಜ್ಞರಿಗೆ ಶಿಫಾರಸು ಮಾಡಿರುವ ವಿನ್ಯಾಸವೂ ಹೆಚ್ಚುಕಡಿಮೆ ಇದೇ.

“ಹಿಂದಿನವಕ್ಕೆ ಯಾವುದಾದರೂ ನಡೆಯುತ್ತದೆ ಸ್ವಾಮಿ, ಬರಿಯ ಸದ್ದು ತಾನೆ” ಎಂಬ ಮಾತನ್ನು ಅಂಗಡಿಗಳಲ್ಲಿ ಇಂದಿಗೂ ಕೇಳುತ್ತೇವೆ. ಈ ಮಾತಿಗೂ ಒಂದು ಕಾಲವಿತ್ತು. 1987ರಲ್ಲಿ ಬಂದ ಡಾಲ್ಬಿ ಪ್ರೊ ಲಾಜಿಕ್ ಎಂಬ ಏರ್ಪಾಡಿನಲ್ಲಿ ಹಿಂಬದಿಗೆ ಇದ್ದದ್ದು ಒಂದೇ ಧ್ವನಿಪಥ. ಎರಡೂ ಸ್ಪೀಕರುಗಳು ಅದನ್ನೇ ನುಡಿಯುತ್ತಿದ್ದವು. ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್ ವರೆಗಿನ ಸದ್ದನ್ನು ಕೇಳಬಲ್ಲದಾದರೆ, ಆ ಹಿಂಬದಿಯ ಪಥವನ್ನು 7,000 ಹರ್ಟ್ಸ್‌ಗೆ ಮೊಟಕುಗೊಳಿಸಲಾಗಿತ್ತು. ಅಂತಹ ಮೊಟಕು ಧ್ವನಿಗೆ ಅಂಗೈಯಗಲದ ಅಗ್ಗದ ಸ್ಪೀಕರೇ ಸಾಕಾಗಿತ್ತು. ಆದರೆ 1992ರಲ್ಲಿ ಡಾಲ್ಬಿ ಡಿಜಿಟಲ್ ಚಿತ್ರಮಂದಿರಗಳಿಗೆ ಬಂದಿತು. 1996ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಡಿ.ವಿ.ಡಿ.ಯ ಮೂಲಕ ಅದು ಮನೆಮನೆಗೂ ಹರಡಿತು. ಈ ಏರ್ಪಾಡಿನಲ್ಲಿ ಐದು ಪಥಗಳೂ ಬೇರೆಬೇರೆ, ಐದೂ ಪರಿಪೂರ್ಣ. ಹಿಂದಿನದು ಮುಂದಿನದಕ್ಕಿಂತ ಕೀಳಲ್ಲ. ಇಂದು ಅಂತರ್ಜಾಲದ ಮೂಲಕ ಟಿ.ವಿ.ಗೆ ಬರುವ ಚಿತ್ರಗಳಲ್ಲಿಯೂ ಇದೇ ಕ್ರಮವುಂಟು. 2022ರ ‘ಕಾಂತಾರ’ದಂತಹ ಚಿತ್ರದಲ್ಲಿ ಕಾಡಿನ ಸದ್ದೂ ದೈವದ ಕೂಗೂ ಕತೆಯ ಭಾಗವೇ ಆಗಿರುವಾಗ ಹಿಂಬದಿಗೆ ಯಾವುದಾದರೂ ನಡೆಯುತ್ತದೆ ಎನ್ನುವುದು ಹಳೆಯ ಪಂಚಾಂಗ ಹಿಡಿದು ಹೊಸ ವರ್ಷದ ಮುಹೂರ್ತ ಇಟ್ಟಂತೆ.

ಹಾಗಾದರೆ ಹೊಂದಿಕೆ ಎಂದರೇನು? ಗಾತ್ರವಲ್ಲ, ಬಣ್ಣವಲ್ಲ, ಬೆಲೆಯೂ ಅಲ್ಲ. ಹಾರ್ಮೋನಿಯಂ ಮತ್ತು ಕೊಳಲು ಒಂದೇ ಶ್ರುತಿಯಲ್ಲಿ ನುಡಿದರೂ ಯಾವುದು ಯಾವುದೆಂದು ಕಣ್ಣು ಮುಚ್ಚಿ ಹೇಳಬಲ್ಲೆವು. ಶ್ರುತಿ ಒಂದೇ, ನಾದಗುಣ ಬೇರೆ. ಸ್ಪೀಕರುಗಳಿಗೂ ಇಂತಹ ನಾದಗುಣವುಂಟು. ಎತ್ತರದ ಸ್ವರ ನುಡಿಯುವ ಟ್ವೀಟರ್ ರೇಷ್ಮೆಬಟ್ಟೆಯದೋ ಲೋಹದ್ದೋ, ಕೆಳಸ್ವರ ನುಡಿಯುವ ವೂಫರಿನ ಹಾಳೆ ಕಾಗದದ್ದೋ ಪ್ಲಾಸ್ಟಿಕ್ಕಿನದೋ, ಪೆಟ್ಟಿಗೆ ಎಷ್ಟು ಗಟ್ಟಿ, ಯಾವ ಸ್ವರವನ್ನು ಯಾವುದಕ್ಕೆ ಹಂಚಬೇಕೆಂಬ ಒಳಗಿನ ಜೋಡಣೆ ಹೇಗಿದೆ ಎಂಬ ಎಲ್ಲವೂ ಸೇರಿ ಅದು ರೂಪುಗೊಳ್ಳುತ್ತದೆ. ಚಿತ್ರದಲ್ಲಿ ಬಸ್ಸೊಂದು ಮುಂದಿನಿಂದ ಬಂದು ನಮ್ಮ ಮಗ್ಗುಲಲ್ಲಿ ಹಾದು ಹಿಂದಕ್ಕೆ ಹೋಗುತ್ತದೆ ಎನ್ನೋಣ. ಐದೂ ಸ್ಪೀಕರುಗಳ ನಾದಗುಣ ಒಂದಾಗಿದ್ದರೆ ಬಸ್ಸು ಬಸ್ಸಾಗಿಯೇ ಹೋಗುತ್ತದೆ. ಇಲ್ಲದಿದ್ದರೆ ಮದ್ದೂರಿನಲ್ಲಿ ಹೊರಟ ಬಸ್ಸು ಭಾರತೀನಗರ ತಲುಪುವಷ್ಟರಲ್ಲಿ ಆಟೋರಿಕ್ಷಾ ಆಗಿರುತ್ತದೆ! ನೋಡುವವರಿಗೆ ಕಾರಣ ಹೊಳೆಯದಿದ್ದರೂ ಮನಸ್ಸು ಕತೆಯಿಂದ ಆಚೆ ಬಂದುಬಿಡುತ್ತದೆ.

ಇಲ್ಲಿ ಗಮನಿಸತಕ್ಕ ಮುಖ್ಯ ಸಂಗತಿಯೊಂದಿದೆ. ಸ್ಪೀಕರುಗಳ ನಡುವಿನ ವ್ಯತ್ಯಾಸಗಳಲ್ಲಿ ಕೆಲವನ್ನು ತಂದ ಮೇಲೂ ತಿದ್ದಬಹುದು, ಕೆಲವನ್ನು ತಿದ್ದಲಾಗದು. ಈ ವಿವೇಚನೆ ಇದ್ದರೆ ಹಣವನ್ನು ಎಲ್ಲಿ ತೊಡಗಿಸಬೇಕೆಂಬುದು ತಾನಾಗಿ ತಿಳಿಯುತ್ತದೆ.

ತಿದ್ದಬಹುದಾದವುಗಳಲ್ಲಿ ಮೊದಲನೆಯದು ಸದ್ದಿನ ಪ್ರಮಾಣ. ಒಂದು ಸ್ಪೀಕರಿನ ಸಂವೇದನೆ 89 ಡೆಸಿಬೆಲ್ ಎಂದೂ ಇನ್ನೊಂದರದು 86 ಎಂದೂ ಕರಪತ್ರದಲ್ಲಿ ಬರೆದಿದ್ದರೆ, ಎರಡೂ ಸಮನಾಗಿ ಕೇಳಲು ಎರಡನೆಯದಕ್ಕೆ ಎರಡು ಪಟ್ಟು ವಿದ್ಯುಚ್ಛಕ್ತಿ ಬೇಕು. ಇದನ್ನು ರಿಸೀವರಿನಲ್ಲಿ ಪ್ರತಿ ಸ್ಪೀಕರಿಗೂ ಬೇರೆಬೇರೆಯಾಗಿ ಏರಿಸಿ ಇಳಿಸಿ ಸರಿದೂಗಿಸಬಹುದು. ಎರಡನೆಯದು ದೂರ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಮುಂದಿನ ಸ್ಪೀಕರ್ 10 ಅಡಿ ದೂರದಲ್ಲಿಯೂ ಮಗ್ಗುಲಿನದು 5 ಅಡಿ ದೂರದಲ್ಲಿಯೂ ಇದ್ದರೆ ಮಗ್ಗುಲಿನ ಸದ್ದು ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ನಾಲ್ಕೂವರೆ ಭಾಗದಷ್ಟು ಮೊದಲೇ ಕಿವಿ ಮುಟ್ಟುತ್ತದೆ. ಮೊದಲು ಬಂದ ಸದ್ದಿನ ಕಡೆಗೇ ಗಮನ ಹರಿಯುವುದು ಕಿವಿಯ ಸ್ವಭಾವ. ಅಳತೆಯ ಟೇಪು ಹಿಡಿದು ದೂರವನ್ನು ಅಳೆದು ರಿಸೀವರಿಗೆ ತಿಳಿಸಿದರೆ ಅದು ಹತ್ತಿರದ ಸ್ಪೀಕರನ್ನು ಅಷ್ಟೇ ಹೊತ್ತು ತಡೆದು ನುಡಿಸುತ್ತದೆ. ಮೂರನೆಯದು ತಗ್ಗಿನ ಸ್ವರ. ಸರೌಂಡ್ ಸ್ಪೀಕರ್ ಚಿಕ್ಕದಾಗಿದ್ದರೆ ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಸಬ್‌ವೂಫರಿಗೆ ವಹಿಸುವ ಸೌಲಭ್ಯವುಂಟು. ಆದ್ದರಿಂದ ಹಿಂಬದಿಗೆ ದೊಡ್ಡ ಪೆಟ್ಟಿಗೆಯೇ ಬೇಕೆಂಬ ಹಟ ಬೇಡ. ಅದು ಮೂಗಿಗಿಂತ ಮೂಗುತಿ ಭಾರ.

ತಿದ್ದಲಾಗದ್ದು ನಾದಗುಣ. ಇಂದಿನ ಅನೇಕ ರಿಸೀವರುಗಳ ಜೊತೆ ಪುಟ್ಟ ಮೈಕು ಬರುತ್ತದೆ. ಅದನ್ನು ಕುಳಿತುಕೊಳ್ಳುವ ಜಾಗದಲ್ಲಿಟ್ಟರೆ ಯಂತ್ರವೇ ಪ್ರಮಾಣವನ್ನೂ ದೂರವನ್ನೂ ಲೆಕ್ಕ ಹಾಕಿ, ಸ್ವರಗಳ ಏರುಪೇರನ್ನೂ ಒಂದು ಮಟ್ಟಿಗೆ ಸಮಮಾಡುತ್ತದೆ. ಇದು ಉಪಯುಕ್ತವೇ. ಆದರೆ ಅಗ್ಗದ ಟ್ವೀಟರಿನ ಕೀರಲನ್ನು, ಪೆಟ್ಟಿಗೆಯ ಅದಿರಾಟವನ್ನು, ಸದ್ದು ಕೋಣೆಯಲ್ಲಿ ಹರಡುವ ರೀತಿಯನ್ನು ಯಾವ ಲೆಕ್ಕಾಚಾರವೂ ಬದಲಿಸದು. ಕುಂಟುವ ಎತ್ತಿಗೆ ಹೊಸ ಗೆಜ್ಜೆ ಕಟ್ಟಿದರೆ ನಡಿಗೆ ಸರಿಹೋಗುವುದಿಲ್ಲ. ಆದ್ದರಿಂದ ಒಂದೇ ಕಂಪನಿಯ ಒಂದೇ ಶ್ರೇಣಿಯ ಸ್ಪೀಕರುಗಳನ್ನು ಕೊಳ್ಳುವುದೇ ಮೇಲು. ಒಂದೇ ಕಂಪನಿ ಎಂದ ಮಾತ್ರಕ್ಕೆ ಸಾಲದು; ಆ ಕಂಪನಿಯಲ್ಲಿಯೇ ಹತ್ತು ಬಗೆಯ ಶ್ರೇಣಿಗಳಿರುತ್ತವೆ. ಟ್ವೀಟರ್ ಒಂದೇ ಜಾತಿಯದೇ ಎಂದು ಕೇಳಿ ತಿಳಿಯಿರಿ.

ಇನ್ನೊಂದು ಹೊಂದಿಕೆ ಕಿವಿಯದಲ್ಲ, ಸುರಕ್ಷತೆಯದು. ಪ್ರತಿ ಸ್ಪೀಕರಿನ ಹಿಂದೆ 8 ಓಮ್, 6 ಓಮ್, 4 ಓಮ್ ಎಂದು ಮುದ್ರಿಸಿರುತ್ತದೆ. ಓಮ್ ಕಡಿಮೆಯಾದಷ್ಟೂ ರಿಸೀವರಿನಿಂದ ಎಳೆಯುವ ವಿದ್ಯುತ್ ಹೆಚ್ಚು. ಒಟ್ಟಾಗಿ ಮಾರುವ ಅಗ್ಗದ ಸೆಟ್ಟುಗಳ ಸ್ಪೀಕರುಗಳಲ್ಲಿ 3 ಅಥವಾ 4 ಓಮಿನವು ಸಾಕಷ್ಟಿವೆ. ಅವು ಆ ಸೆಟ್ಟಿಗೆಂದೇ ತಯಾರಾದವು. ಹಳೆಯ ಸೆಟ್ಟು ಕೆಟ್ಟಿತೆಂದು ಅದರ ಸ್ಪೀಕರುಗಳನ್ನು ತಂದು 8 ಓಮಿಗೆಂದು ಮಾಡಿದ ಹೊಸ ರಿಸೀವರಿಗೆ ಸಿಕ್ಕಿಸಿದರೆ ಅದು ಕಾದು ಬಿಸಿಯಾಗುತ್ತದೆ, ನಡುನಡುವೆ ನಿಲ್ಲುತ್ತದೆ, ಕೊನೆಗೆ ಸುಟ್ಟುಹೋಗಲೂಬಹುದು. ರಿಸೀವರಿನ ಹಿಂಬದಿಯಲ್ಲಿ ಎಷ್ಟು ಓಮ್ ವರೆಗೆ ಸಲ್ಲುತ್ತದೆ ಎಂದು ಬರೆದಿರುವುದನ್ನು ಓದದೆ ತಂತಿ ಜೋಡಿಸಬೇಡಿ.

ಈಗಾಗಲೇ ಸೆಟ್ಟು ಮನೆಯಲ್ಲಿದ್ದು ಧ್ವನಿ ಕೂಡುತ್ತಿಲ್ಲವೆಂದು ತೋರಿದರೆ, ಹೊಸದಕ್ಕೆ ಹಣ ಹೊಂದಿಸುವ ಮೊದಲು ಎರಡು ಪರೀಕ್ಷೆಗಳನ್ನು ಮಾಡಬೇಕು. ಎರಡಕ್ಕೂ ಖರ್ಚಿಲ್ಲ.

ಮೊದಲನೆಯದು ತಂತಿಯದು. ಪ್ರತಿ ಸ್ಪೀಕರಿಗೂ ಕೆಂಪು ಮತ್ತು ಕಪ್ಪು ಎಂದು ಎರಡು ಕೊಂಡಿಗಳಿರುತ್ತವೆ. ರಿಸೀವರಿನ ಕೆಂಪು ಸ್ಪೀಕರಿನ ಕೆಂಪಿಗೇ ಹೋಗಬೇಕು. ಐದರಲ್ಲಿ ಒಂದು ಅದಲುಬದಲಾದರೂ ಆ ಸ್ಪೀಕರಿನ ಹಾಳೆ ಉಳಿದವು ಮುಂದೆ ಬಂದಾಗ ತಾನು ಹಿಂದೆ ಸರಿಯುತ್ತದೆ; ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಆಗ ತಗ್ಗಿನ ಸದ್ದು ಬತ್ತುತ್ತದೆ, ಮಾತು ಟೊಳ್ಳಾಗಿ ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದಂತಾಗುತ್ತದೆ. ನಾದಗುಣದ ದೋಷವೆಂದು ಭಾವಿಸಿದ್ದು ಐದು ನಿಮಿಷದ ತಂತಿಯ ಕೆಲಸವಾಗಿರುವ ಸಂಭವವುಂಟು.

ಎರಡನೆಯದು ಕಿವಿಯ ಪರೀಕ್ಷೆ. ರಿಸೀವರಿನಲ್ಲಿ ಪರೀಕ್ಷಾಧ್ವನಿ ಎಂಬ ಸೌಲಭ್ಯವಿರುತ್ತದೆ. ಅದನ್ನು ಒತ್ತಿದರೆ ಒಂದೊಂದೇ ಸ್ಪೀಕರಿನಿಂದ ‘ಸೋ’ ಎಂಬ ಮೊರೆತ ಬರುತ್ತದೆ. ಶಿವನಸಮುದ್ರದ ಗಗನಚುಕ್ಕಿಯನ್ನು ದೂರದಿಂದ ಕೇಳಿದವರಿಗೆ ಈ ಮೊರೆತ ಅಪರಿಚಿತವಲ್ಲ. ಜಲಪಾತದ ಸದ್ದಿನಂತೆ ಇದರಲ್ಲಿಯೂ ಮೇಲಿನ, ನಡುವಿನ, ಕೆಳಗಿನ ಸ್ವರಗಳೆಲ್ಲ ಬೆರೆತಿರುತ್ತವೆ. ಆದ್ದರಿಂದಲೇ ಪರೀಕ್ಷೆಗೆ ಇದು ತಕ್ಕದ್ದು. ಮನೆಯವರೊಬ್ಬರು ಕಣ್ಣು ಮುಚ್ಚಿ ಕುಳಿತುಕೊಳ್ಳಲಿ. ಮೊರೆತವು ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಸಾಗುವಾಗ ಒಂದೇ ಜಲಪಾತ ಜಾಗ ಬದಲಿಸಿದಂತೆ ಕೇಳಿಸಬೇಕು. ಒಂದು ಕಡೆ ಜಲಪಾತ, ಇನ್ನೊಂದು ಕಡೆ ಒಗ್ಗರಣೆ ಸಿಡಿದಂತೆ ಕೇಳಿಸಿದರೆ ಜೋಡಿ ಕೂಡಿಲ್ಲವೆಂದು ಅರ್ಥ. ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲಿಯೇ ಈ ಪರೀಕ್ಷೆಯನ್ನು ಕೇಳಿ ಮಾಡಿಸಬೇಕು. ಅಂಗಡಿಯವರು ಹಾಕಿ ತೋರಿಸುವ ಹೊಡೆದಾಟದ ದೃಶ್ಯದಲ್ಲಿ ಎಲ್ಲ ಸ್ಪೀಕರುಗಳೂ ಚೆನ್ನಾಗಿಯೇ ಕೇಳಿಸುತ್ತವೆ.

ಪರೀಕ್ಷೆಯಲ್ಲಿ ಹಿಂದಿನ ಜೋಡಿಯೇ ಬೇರೆ ಎಂದು ಖಚಿತವಾದರೆ, ಬದಲಿಸುವ ಶಕ್ತಿ ಬರುವ ತನಕ ಅದರ ಸದ್ದನ್ನು ಎರಡು ಮೂರು ಡೆಸಿಬೆಲ್ ಇಳಿಸಿ ಇಡಿ. ಅಷ್ಟಕ್ಕೂ ಕಿರಿಕಿರಿಯೆನಿಸಿದರೆ ಬಿಚ್ಚಿ ಎತ್ತಿಡಿ. ರಿಸೀವರಿಗೆ ಹಿಂಬದಿಯಲ್ಲಿ ಸ್ಪೀಕರಿಲ್ಲವೆಂದು ತಿಳಿಸಿದರೆ ಆ ಪಾಲಿನ ಸದ್ದನ್ನು ಅದು ಮುಂದಿನವುಗಳಿಗೆ ಹಂಚುತ್ತದೆ. ಹೊಂದದ ಐದಕ್ಕಿಂತ ಹೊಂದಿದ ಮೂರು ಲೇಸು. ನಡುವಿನ ಸ್ಪೀಕರೇ ಬೇರೆ ಜಾತಿಯದಾಗಿದ್ದರೆ ಮೊದಲು ಬದಲಿಸಬೇಕಾದದ್ದು ಅದನ್ನೇ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಅಕ್ಷರಗಳನ್ನು ಸ್ಪಷ್ಟಗೊಳಿಸುವ ಸ, ಶ, ಚಗಳಂತಹ ಸದ್ದುಗಳು ಇರುವುದು ಆ ಎತ್ತರದಲ್ಲಿಯೇ. ನಡುವಿನ ಸ್ಪೀಕರ್ ಮಬ್ಬಾಗಿದ್ದರೆ ಮಕ್ಕಳು ಹೇಗೋ ಊಹಿಸಿಕೊಳ್ಳುತ್ತಾರೆ, ಹಿರಿಯರಿಗೆ ಮಾತು ಜಾರಿಹೋಗುತ್ತದೆ.

ಕೊಳ್ಳುವ ಕ್ರಮದ ಬಗೆಗೂ ಒಂದು ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಆದರೆ ಕಂತಿನಲ್ಲಿ ಕೊಳ್ಳುವವರು ಒಂದು ಅಪಾಯವನ್ನು ಅರಿತಿರಬೇಕು. ಕಂಪನಿಗಳು ಒಂದು ಶ್ರೇಣಿಯನ್ನು ಕೆಲವು ವರ್ಷ ಮಾರಿ ನಿಲ್ಲಿಸಿಬಿಡುತ್ತವೆ. ಈ ವರ್ಷದ ಬಿಲ್ಲಿನಲ್ಲಿ ಮುಂದಿನ ಜೋಡಿಯನ್ನು ತಂದು, ಮೂರು ವರ್ಷದ ಬಳಿಕ ಹಿಂದಿನ ಜೋಡಿಗೆ ಹೋದರೆ ಬೆಂಗಳೂರಿನ ಎಸ್.ಪಿ. ರಸ್ತೆಯನ್ನೆಲ್ಲ ಸುತ್ತಿದರೂ ಅದರ ಜೊತೆ ಸಿಗದಿರಬಹುದು. ಆದ್ದರಿಂದ ಮುಂದಿನ ಮೂರನ್ನು ಒಟ್ಟಿಗೇ ಕೊಳ್ಳಿ, ಹಿಂದಿನ ಎರಡನ್ನು ಅದೇ ಶ್ರೇಣಿ ಅಂಗಡಿಯಲ್ಲಿರುವಾಗಲೇ ಸೇರಿಸಿ. ಮಾದರಿಯ ಸಂಖ್ಯೆಯುಳ್ಳ ರಸೀದಿಯನ್ನು ಮನೆಯ ಪತ್ರಗಳ ಜೊತೆ ಬೀರುವಿನಲ್ಲಿಡಿ. ಇನ್ನೂ ಸುಲಭವಾದ ಉಪಾಯವೊಂದುಂಟು. ಕಪಾಟಿನ ಮೇಲಿಡುವ ಸಾಧಾರಣ ಗಾತ್ರದ ಒಂದೇ ಮಾದರಿಯ ಮೂರು ಜೋಡಿಗಳನ್ನು ಕೊಂಡರೆ ಐದು ಸ್ಥಾನಕ್ಕೂ ಒಂದೇ ಸ್ಪೀಕರ್ ಆಗುತ್ತದೆ, ಆರನೆಯದು ಆಪತ್ತಿಗೆ ಉಳಿಯುತ್ತದೆ. ಇದಕ್ಕಿಂತ ಸರಿಯಾದ ಹೊಂದಿಕೆ ಇಲ್ಲ. ಇಷ್ಟು ಖರ್ಚು ಮಾಡುವ ಇಚ್ಛೆಯಿಲ್ಲದವರು, ವಾರ್ತೆ ಮತ್ತು ಧಾರಾವಾಹಿಯಷ್ಟೇ ನೋಡುವವರು, ಒಂದು ಒಳ್ಳೆಯ ಸೌಂಡ್‌ಬಾರ್ ತಂದು ನೆಮ್ಮದಿಯಾಗಿರಬಹುದು.

ಒಂದೇ ಮಾದರಿಯನ್ನು ತಂದರೂ ಮನೆ ಅದನ್ನು ಬೇರೆಬೇರೆ ಮಾಡಬಲ್ಲದು. ನಮ್ಮ ಕಡೆಯ ಹೊಸ ಮನೆಗಳಿಗೆ ಆರ್.ಸಿ.ಸಿ. ತಾರಸಿ, ನುಣುಪಾದ ಟೈಲ್ಸ್ ನೆಲ, ಬರಿಯ ಗೋಡೆ. ಸದ್ದು ತಾಗಿ ತಾಗಿ ಮರಳುತ್ತದೆ. ಒಂದು ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಪುಸ್ತಕ ತುಂಬಿದ ಕಪಾಟು ಇವು ದುಬಾರಿ ಯಂತ್ರ ಮಾಡದ ಕೆಲಸವನ್ನು ಮಾಡುತ್ತವೆ. ಹಜಾರದ ಒಂದು ಬದಿ ಗೋಡೆಯಾಗಿ ಇನ್ನೊಂದು ಬದಿ ಅಡುಗೆಮನೆಯ ಕಡೆಗೆ ತೆರೆದಿರುವುದು ಸಾಮಾನ್ಯ. ಮೂಲೆಗೆ ಒತ್ತಿಟ್ಟ ಸ್ಪೀಕರಿನ ತಗ್ಗಿನ ಸ್ವರ ಉಬ್ಬುತ್ತದೆ, ತೆರೆದ ಬದಿಯದು ಸೊರಗುತ್ತದೆ. ಎರಡನ್ನೂ ಮೂಲೆಯಿಂದ ಈಚೆಗೆ ತಂದು, ಕುಳಿತವರ ಕಿವಿಯ ಮಟ್ಟಕ್ಕೆ ಅಥವಾ ತುಸು ಮೇಲಕ್ಕೆ, ಸಮಾನ ಎತ್ತರದಲ್ಲಿ ಇಡಬೇಕು. ತಾರಸಿಯ ಅಂಚಿಗೆ ನೇತುಹಾಕುವುದು ಮದುವೆಮನೆಗೆ ಸರಿ, ಮನೆಗೆ ಸಲ್ಲದು. ತಂತಿಗೆ ವಿಶೇಷ ಬೆಲೆಯದೇನೂ ಬೇಡ. ದೂರದ ಹಿಂಬದಿಗೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಧಾರಾಳವಾಗಿ ಸಾಕು.

ಎಲ್ಲ ಸದ್ದನ್ನೂ ಐದು ಕಡೆಯಿಂದ ಕೇಳಬೇಕೆಂದೇನಿಲ್ಲ ಎಂಬುದನ್ನೂ ನೆನಪಿಸಬಯಸುತ್ತೇವೆ. 1972ರ ‘ಬಂಗಾರದ ಮನುಷ್ಯ’ದಂತಹ ಚಿತ್ರಗಳು ಒಂದೇ ಧ್ವನಿಪಥದ ಕಾಲದವು. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನವನ್ನು ಕೇಳಲು ಮುಂದಿನ ಎರಡು ಸ್ಪೀಕರುಗಳೇ ಸಾಕು. ರಿಸೀವರಿನ ಬಣ್ಣಬಣ್ಣದ ಗುಂಡಿಗಳನ್ನೊತ್ತಿ ಅವರ ದನಿಯನ್ನು ಕೋಣೆಯ ನಾಲ್ಕು ಮೂಲೆಗೂ ಎಳೆದಾಡಿದರೆ ಹಾಡೂ ಕೆಡುತ್ತದೆ, ಭಾವವೂ ಕೆಡುತ್ತದೆ.

ಧ್ವನಿಗಳು ಸರಿಯಾಗಿ ಕೂಡಿದ ಮನೆಯಲ್ಲಿ ಸದ್ದನ್ನು ಏರಿಸಬೇಕಾಗಿಯೇ ಬರುವುದಿಲ್ಲ. ಮಾತು ತಿಳಿಯದಾಗ ಏರಿಸುವುದು, ಸಂಗೀತ ಅಬ್ಬರಿಸಿದಾಗ ಇಳಿಸುವುದು ಎಂಬ ರಿಮೋಟಿನ ಜಗಳಕ್ಕೆ ಹೊಂದಿಕೆಯಿಲ್ಲದ ಸ್ಪೀಕರುಗಳೂ ಒಂದು ಕಾರಣ. ಸದ್ದು ಕಡಿಮೆಯಾದರೆ ಒಳಕೋಣೆಯಲ್ಲಿ ಪರೀಕ್ಷೆಗೆ ಓದುವ ಮಗುವಿಗೂ, ಪಕ್ಕದ ಮನೆಯವರ ನಿದ್ದೆಗೂ ಭಂಗವಿಲ್ಲ. ಹಬ್ಬದ ಬಿಡುವಿನಲ್ಲಿ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡಿ: ತಂತಿಯ ಕೆಂಪು ಕಪ್ಪು ನೋಡಿ, ದೂರ ಅಳೆಯಿರಿ, ಮೊರೆತ ಹಾಕಿ ಕೇಳಿ. ಆ ಪರೀಕ್ಷೆಗೆ ಮನೆಯ ಹಿರಿಯರನ್ನೇ ನಡುವಿನ ಕುರ್ಚಿಯಲ್ಲಿ ಕೂರಿಸಿ, “ಈಗ ಮಾತು ತಿಳಿಯಿತೇ?” ಎಂದು ಅವರನ್ನೇ ಕೇಳಿ. ಅವರು ಹೌದೆಂದ ಮೇಲೆ ಯಂತ್ರದ ಗುಂಡಿಯನ್ನು ಮತ್ತೆ ಮುಟ್ಟಬೇಡಿ.